ಬ್ರಿಕ್‌ನಲ್ಲಿ ಹಾಟ್ ರಾಡ್ ಕಟ್ಟುವವರು ಮೊದಲು ಚಕ್ರ ಆರಿಸಿ

ಜಯನಗರ_ಬಿಲ್ಡರ್

ಎಲ್ಲರಿಗೂ ನಮಸ್ಕಾರ. ಒಂದು ಹಾಟ್ ರಾಡ್, ಅಂದರೆ ವೇಗಕ್ಕಾಗಿ ಬಿಚ್ಚಿ ಬದಲಾಯಿಸಿದ ಹಳೇ ಕಾರಿನ ಮಾದರಿ, ಕಟ್ಟುತ್ತಿದ್ದೇನೆ. ಇದು ಯಾವ ಸೆಟ್ಟೂ ಅಲ್ಲ, ಪುಸ್ತಕ ನೋಡಿ ಜೋಡಿಸುವುದೂ ಅಲ್ಲ. ಮನೆಯಲ್ಲಿರುವ ಲೆಗೋ ಬ್ರಿಕ್‌ಗಳಿಂದ (ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ತುಂಡು) ನನ್ನದೇ ಡಿಸೈನ್. ಮಾದರಿಗೆ ಇಟ್ಟುಕೊಂಡಿರುವುದು 1932ರ ಫೋರ್ಡ್ ಕೂಪೆ, ಅಮೆರಿಕದವರು ‘ಡ್ಯೂಸ್’ ಅನ್ನುವ ಗಾಡಿ. ಮಡ್‌ಗಾರ್ಡ್ ಇಲ್ಲ, ಬಾನೆಟ್ ಇಲ್ಲ, ಎಂಜಿನ್ ಪೂರ್ತಿ ಹೊರಗೆ. ಮೂತಿ ತಗ್ಗಿಸಿ, ಹಿಂಭಾಗ ಎತ್ತಿಕೊಂಡು ನಿಂತಿರುತ್ತದೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. 1930 ಮತ್ತು 40ರ ದಶಕಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹಳೇ ಫೋರ್ಡ್‌ಗಳನ್ನು ಅಗ್ಗಕ್ಕೆ ಕೊಳ್ಳುತ್ತಿದ್ದರು. ಓಟಕ್ಕೆ ಬೇಡದ್ದನ್ನೆಲ್ಲ ಬಿಚ್ಚಿ ಹಾಕಿ, ಗುಜರಿಯಲ್ಲಿ ಸಿಕ್ಕ ಬೇರೆ ಗಾಡಿಯ ಸಾಮಾನು ಜೋಡಿಸಿ, ಮ್ಯೂರಾಕ್, ಎಲ್ ಮಿರಾಜ್‌ನಂಥ ಒಣಗಿದ ಕೆರೆಗಳ ಅಂಗಳದಲ್ಲಿ ಓಡಿಸುತ್ತಿದ್ದರು. 1937ರಲ್ಲೇ ಇದಕ್ಕೊಂದು ಸಂಘ ಹುಟ್ಟಿತು, ಹೆಸರು ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ (ಎಸ್‌ಸಿಟಿಎ). 1932ರ ಫೋರ್ಡ್‌ಗೆ ಅಷ್ಟು ಬೇಡಿಕೆ ಯಾಕೆ ಅಂದರೆ, ಸಾಮಾನ್ಯರು ಕೊಳ್ಳುವ ಬೆಲೆಯ ಗಾಡಿಗೆ ವಿ8, ಅಂದರೆ ಎಂಟು ಸಿಲಿಂಡರ್‌ನ ಎಂಜಿನ್ ಬಂದದ್ದು ಅದರಲ್ಲೇ. 221 ಘನ ಇಂಚು, 65 ಅಶ್ವಶಕ್ತಿ. ಇವತ್ತಿಗೆ ಏನೂ ಅಲ್ಲ, ಆಗ ಅದು ದೊಡ್ಡ ಮಾತು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮವರು ಕಟ್ಟಿದ ಹಾಟ್ ರಾಡ್‌ಗಳನ್ನು ನೋಡಿದಾಗ ಒಂದು ಕೊರತೆ ಪದೇ ಪದೇ ಕಾಣುತ್ತದೆ. ಎಂಜಿನ್‌ಗೆ ಬಹಳ ತಲೆ ಓಡಿಸಿರುತ್ತಾರೆ. ಬಣ್ಣಕ್ಕೂ ಅಷ್ಟೇ. ಆದರೆ ಗಾಡಿ ನಿಂತ ಭಂಗಿಯಲ್ಲೇ ಜೀವ ಇರುವುದಿಲ್ಲ. ನಾಲ್ಕೂ ಚಕ್ರ ಒಂದೇ ಅಳತೆ, ಬಾಡಿ ನೆಲಕ್ಕೆ ಸಮ. ಅದು ಬಾನೆಟ್ ತೆಗೆದ ಮಾಮೂಲಿ ಕಾರು, ಹಾಟ್ ರಾಡ್ ಅಲ್ಲ. ಹಾಟ್ ರಾಡ್ ಅನ್ನಿಸುವುದು ಹಿಂದೆ ದೊಡ್ಡ ಚಕ್ರ, ಮುಂದೆ ಚಿಕ್ಕ ಚಕ್ರ ಇದ್ದು ಗಾಡಿ ಮುಂದಕ್ಕೆ ವಾಲಿದಾಗ. ಹಾಗಾಗಿ ಮೊದಲು ಚಕ್ರ ಆರಿಸಿ, ಅದರಿಂದ ಸ್ಕೇಲ್ ತೆಗೆಯಿರಿ, ಮಿಕ್ಕಿದ್ದೆಲ್ಲ ಆಮೇಲೆ.

ನಾನು ಮಾಡಿದ್ದು ಹೀಗೆ. ಹಿಂದಕ್ಕೆ 43.2 ಮಿ.ಮೀ. ವ್ಯಾಸದ ಟೈರ್, ಮುಂದಕ್ಕೆ 30.4 ಮಿ.ಮೀ. ಟೈರ್. ನಿಜವಾದ ಗಾಡಿಯ ಹಿಂದಿನ ಟೈರ್ ಸುಮಾರು 30 ಇಂಚು ಅಂತ ಇಟ್ಟುಕೊಂಡರೆ ಸ್ಕೇಲ್ 1:18ರ ಹತ್ತಿರ ಬರುತ್ತದೆ, ಟೈರ್ ಸ್ವಲ್ಪ ದೊಡ್ಡದಾಗೇ ಕಾಣಲಿ ಅಂತ ನಾನು 1:20 ಇಟ್ಟುಕೊಂಡೆ. ಡ್ಯೂಸ್‌ನ ವೀಲ್‌ಬೇಸ್ (ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ ದೂರ) 106 ಇಂಚು, ಅಂದರೆ 2692 ಮಿ.ಮೀ. ಇಪ್ಪತ್ತರಿಂದ ಭಾಗಿಸಿದರೆ 134.6. ಬ್ರಿಕ್ ಮೇಲಿನ ದುಂಡು ಗುಬುಟಿಗೆ ಸ್ಟಡ್ ಅಂತಾರೆ. ಒಂದು ಸ್ಟಡ್‌ನಿಂದ ಇನ್ನೊಂದು ಸ್ಟಡ್‌ಗೆ 8 ಮಿ.ಮೀ. ಇರುವುದರಿಂದ 17 ಸ್ಟಡ್ ಆಯಿತು.

ಇಲ್ಲೊಂದು ಚೆಂದದ ಲೆಕ್ಕ ಇದೆ. ಎರಡು ಟೈರ್‌ಗಳ ವ್ಯಾಸದ ವ್ಯತ್ಯಾಸ 12.8 ಮಿ.ಮೀ., ಅರ್ಧ ಮಾಡಿದರೆ 6.4. ಪ್ಲೇಟ್ ಅನ್ನುವ ತೆಳು ತುಂಡಿನ ದಪ್ಪ 3.2. ಅಂದರೆ ಸರಿಯಾಗಿ ಎರಡು ಪ್ಲೇಟ್! ಮುಂದಿನ ಆಕ್ಸಲನ್ನೂ ಹಿಂದಿನ ಆಕ್ಸಲನ್ನೂ ಚಾಸಿಯಲ್ಲಿ ಒಂದೇ ಎತ್ತರಕ್ಕೆ ಕೂರಿಸಿ ಸುಮ್ನೆ ನೆಲಕ್ಕಿಟ್ಟರೆ ಸಾಕು, ಹಿಂಭಾಗ ತಾನಾಗೇ ಎರಡು ಪ್ಲೇಟ್ ಮೇಲೇಳುತ್ತದೆ. 17 ಸ್ಟಡ್ ಉದ್ದಕ್ಕೆ ಅದು ಸುಮಾರು 2.7 ಡಿಗ್ರಿ ವಾಲಿಕೆ. ಹಿಂಜ್ ಬೇಡ, ತಂತ್ರ ಬೇಡ, ಪೂರ್ತಿ ಬಾಡಿ ನೇರವಾಗಿ ಕಟ್ಟಬಹುದು.

ಚಾಸಿ ಮುಗಿದಿದೆ. ಗ್ರಿಲ್, ಎಂಜಿನ್, ಬಣ್ಣ ಇನ್ನೂ ತೀರ್ಮಾನ ಆಗಿಲ್ಲ. ಅನುಭವ ಇರುವವರು ಹೇಳಿ.

ಗ್ಯಾರೇಜ್_ಅಣ್ಣ

ಚೆನ್ನಾಗಿದೆ. ನನಗೆ ಬ್ರಿಕ್ ಗೊತ್ತಿಲ್ಲ, ಮಗಳು ಈ ಪೋಸ್ಟ್ ತೋರಿಸಿದಳು. ಎಂಜಿನ್ ಗೊತ್ತು. ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಿಗೆ ಓಡಾಡಿಕೊಂಡೇ ದೊಡ್ಡವನಾದವನು.

ನೀವು 1932ರ ಫೋರ್ಡ್ ಅಂದಿರಿ. ಹಾಗಾದರೆ ಮೊದಲು ನಿರ್ಧಾರ ಮಾಡಿ: ಒಳಗೆ ಫೋರ್ಡಿನದೇ ಫ್ಲಾಟ್‌ಹೆಡ್ ಎಂಜಿನ್ನಾ, ಇಲ್ಲ ಆಮೇಲಿನ ಷೆವರ್ಲೆ ಸ್ಮಾಲ್ ಬ್ಲಾಕಾ? 1955ರಲ್ಲಿ ಷೆವರ್ಲೆ ವಿ8 ಬಂದ ಮೇಲೆ ಎಷ್ಟೋ ಜನ ಫೋರ್ಡ್ ಬಾಡಿಗೆ ಅದನ್ನೇ ಕೂರಿಸಿದರು. ಎರಡೂ ಸರಿ. ಆದರೆ ಸೈಲೆನ್ಸರ್ ಪೈಪು ಎಣಿಸಿದರೆ ಯಾವ ಎಂಜಿನ್ ಅಂತ ಗೊತ್ತಾಗಿಬಿಡುತ್ತದೆ. ಷೆವರ್ಲೆಗೆ ಒಂದು ಪಕ್ಕಕ್ಕೆ ನಾಲ್ಕು ಪೈಪು. ಫೋರ್ಡ್ ಫ್ಲಾಟ್‌ಹೆಡ್‌ಗೆ ಮೂರೇ! ನಾಲ್ಕು ಸಿಲಿಂಡರ್ ಇದ್ದರೂ ನಡುವಿನ ಎರಡಕ್ಕೆ ಸೇರಿ ಒಂದೇ ದಾರಿ. ವಿ8 ಅಂದ ತಕ್ಷಣ ನಾಲ್ಕು ಪೈಪು ಹಾಕಿಬಿಡುತ್ತಾರೆ. ಫ್ಲಾಟ್‌ಹೆಡ್ ಮಾಡುವುದಾದರೆ ಮೂರೇ ಹಾಕಿ, ಗೊತ್ತಿರುವವರು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ.

ಇನ್ನೊಂದು. ಫ್ಲಾಟ್‌ಹೆಡ್‌ನಲ್ಲಿ ವಾಲ್ವ್‌ಗಳು ಬ್ಲಾಕಿನ ಒಳಗೇ ಇರುತ್ತವೆ. ಹೆಡ್ ಅಂದರೆ ಬರೀ ಒಂದು ಚಪ್ಪಟೆ ಮುಚ್ಚಳ. ಹಾಗಾಗಿ ಮೇಲೆ ಉಬ್ಬಿದ ವಾಲ್ವ್ ಕವರ್ ಇಡಬೇಡಿ. ಸುಟ್ಟ ಹೊಗೆ ಬ್ಲಾಕಿನ ಮಧ್ಯೆ, ನೀರಿನ ಜಾಕೆಟ್ ಪಕ್ಕದಲ್ಲೇ ಹಾದು ಹೊರಗೆ ಬರುತ್ತದೆ. ಅದಕ್ಕೇ ಆ ಎಂಜಿನ್ ಬೇಗ ಕಾಯುತ್ತಿತ್ತು. ಪೈಪು ಹೊರಡುವುದು ಬ್ಲಾಕಿನ ಪಕ್ಕದಿಂದ, ಹೆಡ್‌ನಿಂದ ಅಲ್ಲ. ಮೇಲೆ ನಡುವೆ ಕಾರ್ಬುರೇಟರ್. ಹಾಟ್ ರಾಡ್‌ನವರು ಸ್ಟ್ರಾಂಬರ್ಗ್ 97 ಅನ್ನುವ ಕಾರ್ಬುರೇಟರನ್ನು ಎರಡು ಮೂರು ಸಾಲಾಗಿ ಇಡುತ್ತಿದ್ದರು. ಅದು ಕಂಡರೇನೇ ಲಕ್ಷಣ.

ಮಲ್ಲೇಶ್ವರದ_ಮೇಷ್ಟ್ರು

ಗ್ಯಾರೇಜ್ ಅಣ್ಣ ಹೇಳಿದ್ದು ಬ್ರಿಕ್‌ಗೆ ಬಹಳ ಅನುಕೂಲವಾದ ವಿಷಯ. ವಿ8 ಅಂದರೆ ಎರಡು ಸಾಲು ಸಿಲಿಂಡರ್, ನಡುವೆ 90 ಡಿಗ್ರಿ. ಒಂದೊಂದು ಸಾಲೂ ನೆಟ್ಟಗಿನ ಗೆರೆಯಿಂದ 45 ಡಿಗ್ರಿ ಹೊರಕ್ಕೆ ವಾಲಿರುತ್ತದೆ. ಸಾಮಾನ್ಯವಾಗಿ ಇದಕ್ಕೆ ಹಿಂಜ್, ಕ್ಲಿಪ್, ಬಾರ್ ಅಂತ ಒದ್ದಾಡುತ್ತಾರೆ. ಫ್ಲಾಟ್‌ಹೆಡ್‌ಗೆ ಅದು ಬೇಡವೇ ಬೇಡ. ಹೆಡ್ ಚಪ್ಪಟೆ, ವಾಲಿಕೆ 45 ಡಿಗ್ರಿ. ಎಲ್ಲರ ಡಬ್ಬದಲ್ಲೂ ಇರುವ 45 ಡಿಗ್ರಿ ಸ್ಲೋಪ್, ಅಂದರೆ ಒಂದು ಮುಖ ಇಳಿಜಾರಾಗಿರುವ ಬ್ರಿಕ್, ತೆಗೆದುಕೊಳ್ಳಿ. ಎರಡು ಸಾಲನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ. ಆ ಜಾರುಮುಖಗಳೇ ನಿಮ್ಮ ಎರಡು ಹೆಡ್. ಅಗಲ 4 ಸ್ಟಡ್, 32 ಮಿ.ಮೀ. ನಿಮ್ಮ ಸ್ಕೇಲ್‌ನಲ್ಲಿ 64 ಸೆಂ.ಮೀ., ಎಂಜಿನ್‌ಗೆ ಒಪ್ಪುವ ಅಗಲ. ಬೆನ್ನು ಕೂಡಿದ ಕಡೆ ಮೇಲೆ ಎರಡು ಸಾಲು ಸ್ಟಡ್ ಸಿಗುತ್ತವೆ. ಅಲ್ಲಿ ನಡುವೆ ಒಂದೇ ಸ್ಟಡ್ ಇರುವ 2×2 ಜಂಪರ್ ಪ್ಲೇಟ್ ಹಾಕಿ. ಅದರ ಮೇಲೆ 1×1 ದುಂಡು ಪ್ಲೇಟ್‌ಗಳನ್ನು ಪೇರಿಸಿದರೆ ಕಾರ್ಬುರೇಟರ್ ಸರಿಯಾಗಿ ನಡುಮಧ್ಯಕ್ಕೆ ಬರುತ್ತದೆ.

ಗ್ರಿಲ್ ಬಗ್ಗೆ ಕೇಳಿದಿರಲ್ಲ. ಡ್ಯೂಸ್‌ನ ಗ್ರಿಲ್ ಕಡ್ಡಿಗಳು ಮೇಲಿಂದ ಕೆಳಕ್ಕೆ ಇರುತ್ತವೆ, ಅಡ್ಡ ಅಲ್ಲ. ಗೆರೆ ಇರುವ 1×2 ಗ್ರಿಲ್ ಟೈಲನ್ನು (ಟೈಲ್ ಅಂದರೆ ಮೇಲೆ ಸ್ಟಡ್ ಇಲ್ಲದ ತೆಳು ತುಂಡು) ಉದ್ದಕ್ಕೆ ನಿಲ್ಲಿಸಿ ಹಚ್ಚಬೇಕು. ಅದಕ್ಕೆ ಸ್ಟಡ್‌ಗಳು ಮುಂದಕ್ಕೆ ಮುಖ ಮಾಡಿರಬೇಕು. ಎಲ್ ಆಕಾರದ ಬ್ರಾಕೆಟ್ ತುಂಡು ಹಾಕಿ ತಿರುಗಿಸುತ್ತೀರಿ, ಅದು ಸರಿ. ಆದರೆ ತಿರುಗಿಸಿದ ತುಂಡಿನ ಎತ್ತರ ಸುತ್ತಲಿನ ಎತ್ತರಕ್ಕೆ ಹೊಂದಬೇಕಲ್ವಾ? ಇಲ್ಲಿ ಒಂದೇ ಸೂತ್ರ ನೆನಪಿಟ್ಟರೆ ಸಾಕು. 5 ಪ್ಲೇಟ್ ದಪ್ಪ 16 ಮಿ.ಮೀ., 2 ಸ್ಟಡ್ ಅಗಲವೂ 16 ಮಿ.ಮೀ. ಹಾಗಾಗಿ 4 ಸ್ಟಡ್ ಎತ್ತರದ ಗ್ರಿಲ್ ಮಾಡಿದರೆ 32 ಮಿ.ಮೀ., ಅಂದರೆ 10 ಪ್ಲೇಟ್, ಅಂದರೆ ಮೂರು ಬ್ರಿಕ್ ಮೇಲೊಂದು ಪ್ಲೇಟ್. ಕೂದಲೆಳೆ ಸಂದೂ ಇಲ್ಲದೆ ಕೂರುತ್ತದೆ. 3 ಸ್ಟಡ್ ಅಗಲ, 4 ಸ್ಟಡ್ ಎತ್ತರ, ಒಟ್ಟು ಆರು ಟೈಲ್.

ಕೂಪೆಯ ಛಾವಣಿಯನ್ನೂ ತಗ್ಗಿಸಿ. ಹಾಟ್ ರಾಡ್‌ನವರು ಕಿಟಕಿಯ ಕಂಬಗಳನ್ನು ಕೊಯ್ದು ಛಾವಣಿ ಇಳಿಸುತ್ತಿದ್ದರು, ಅದಕ್ಕೆ ‘ಚಾಪ್’ ಅಂತಾರೆ. 1:20ರಲ್ಲಿ ಒಂದು ಪ್ಲೇಟ್ ತೆಗೆದರೆ ನಿಜದಲ್ಲಿ 64 ಮಿ.ಮೀ., ಎರಡೂವರೆ ಇಂಚು. ಅವರೂ ಸುಮಾರಾಗಿ ಅಷ್ಟೇ ಕೊಯ್ಯುತ್ತಿದ್ದದ್ದು. ಒಂದೇ ಪ್ಲೇಟ್ ತೆಗೆದು ನೋಡಿ, ಗಾಡಿಯ ಮುಖವೇ ಬದಲಾಗುತ್ತದೆ.

ಕಪ್ಪು_ಪ್ಲೇಟು

ಲೆಕ್ಕವೆಲ್ಲ ಚೆನ್ನಾಗಿದೆ. ಆದರೆ ನಾನು ಒಪ್ಪದ ಮಾತೊಂದಿದೆ. ಸ್ಕೇಲ್ ಹಿಡಿದುಕೊಂಡು ಹಾಟ್ ರಾಡ್ ಕಟ್ಟಬಾರದು. ನಿಮ್ಮ ಹಿಂದಿನ ಟೈರ್ 22 ಮಿ.ಮೀ. ಅಗಲ. ಇಪ್ಪತ್ತರಿಂದ ಗುಣಿಸಿ, 44 ಸೆಂ.ಮೀ. ಆಗುತ್ತದೆ. ಆ ಕಾಲದ ಯಾವ ಫೋರ್ಡ್‌ಗೂ ಅಷ್ಟು ಅಗಲದ ಟೈರ್ ಇರಲಿಲ್ಲ. ಆದರೂ ನಿಮ್ಮ ಮಾದರಿಗೆ ಅದೇ ಒಪ್ಪುತ್ತದೆ. ಯಾಕೆ? ಹಾಟ್ ರಾಡ್ ಅಂದರೇ ಅತಿ. ದೊಡ್ಡದು ಇನ್ನೂ ದೊಡ್ಡದು, ಚಿಕ್ಕದು ಇನ್ನೂ ಚಿಕ್ಕದು. ವೀಲ್‌ಬೇಸ್ 17 ಬರುತ್ತೆ ಅಂತ 17ಕ್ಕೆ ಕಟ್ಟಿಬಿಡಬೇಡಿ. 16, 17, 18 ಮೂರಕ್ಕೂ ಬರೀ ಚಾಸಿ, ಚಕ್ರ ಇಟ್ಟು ಮೇಜಿನ ಮಟ್ಟಕ್ಕೆ ಕಣ್ಣು ತಂದು ನೋಡಿ. ಯಾವುದು ಓಡಿಹೋಗುವ ಹಾಗೆ ಕಾಣುತ್ತದೋ ಅದು ಸರಿ.

ಬಣ್ಣಕ್ಕೆ ಕಪ್ಪು. ಬೇರೆ ಮಾತೇ ಇಲ್ಲ. ಕಪ್ಪಿನಲ್ಲಿ ಹೆಚ್ಚುಕಡಿಮೆ ಎಲ್ಲ ಆಕಾರದ ತುಂಡೂ ಸಿಗುತ್ತದೆ, ಹಳೇದು ಹೊಸದು ಬೆರೆತರೂ ಬಣ್ಣದ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಬೆಂಕಿಯ ನಾಲಗೆ ಬೇಕಿದ್ದರೆ ಬ್ರಿಕ್‌ನಲ್ಲೇ ಮಾಡಿ. ದಯವಿಟ್ಟು ಸ್ಟಿಕ್ಕರ್ ಬೇಡ. ಬಾಗಿಲಿನ ಪಕ್ಕಕ್ಕೆ ಸ್ಟಡ್ ತಿರುಗಿಸಿ, ಹಳದಿ ಮತ್ತು ಕಿತ್ತಳೆ ವೆಜ್ ಪ್ಲೇಟ್‌ಗಳನ್ನು (ಅಂಚು ಓರೆಯಾಗಿರುವ ಪ್ಲೇಟ್) ಚೂಪು ತುದಿ ಹಿಂದಕ್ಕೆ ಬರುವ ಹಾಗೆ ಹಚ್ಚಿ. ಹಳದಿ ಮುಂದೆ, ಕಿತ್ತಳೆ ಹಿಂದೆ, ಆಮೇಲೆ ಕಪ್ಪು. ಸ್ಟಿಕ್ಕರ್ ಇವತ್ತಲ್ಲ ನಾಳೆ ಅಂಚು ಬಿಡುತ್ತದೆ, ವೆಜ್ ಪ್ಲೇಟ್ ಬಿಡುವುದಿಲ್ಲ.

ಜಯನಗರ_ಬಿಲ್ಡರ್

ಗ್ಯಾರೇಜ್ ಅಣ್ಣ, ಮೂರು ಪೈಪಿನ ವಿಷಯಕ್ಕೆ ತುಂಬಾ ಥ್ಯಾಂಕ್ಸ್. ಫ್ಲಾಟ್‌ಹೆಡ್ಡೇ ಹಾಕುತ್ತೇನೆ. ಮೇಷ್ಟ್ರೇ, ಸ್ಲೋಪ್ ಬೆನ್ನಿಗೆ ಬೆನ್ನು ಕೊಡುವುದನ್ನು ನಿನ್ನೆ ರಾತ್ರಿಯೇ ಜೋಡಿಸಿ ನೋಡಿದೆ. ಬೂದು ಸ್ಲೋಪ್, ಮೇಲೆ ಕಪ್ಪು ದುಂಡು ಪ್ಲೇಟ್, ಅದರ ಮೇಲೆ ಬೆಳ್ಳಿ ಬಣ್ಣದ 1×1 ಟೈಲ್. ಎಂಜಿನ್ ಅಂತ ಯಾರಿಗೂ ಹೇಳಬೇಕಾಗಿಲ್ಲ.

@ಕಪ್ಪು_ಪ್ಲೇಟು, ಕಣ್ಣಿನ ಮಟ್ಟಕ್ಕೆ ಇಟ್ಟು ನೋಡುವುದನ್ನು ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಲೆಕ್ಕ ಬೇಡ ಅನ್ನುವುದನ್ನು ಒಪ್ಪಲ್ಲ. ಲೆಕ್ಕ ಇದ್ದರೆ ಎಲ್ಲಿ ಅತಿ ಮಾಡುತ್ತಿದ್ದೇವೆ ಅಂತ ಗೊತ್ತಿರುತ್ತದೆ. ಟೈರ್ ಅಗಲ ಅತಿ ಮಾಡಿದರೆ ಚೆಂದ. ಗ್ರಿಲ್ ಅತಿ ಮಾಡಿದರೆ ಗಾಡಿ ಬೇರೆಯದೇ ಆಗಿಬಿಡುತ್ತದೆ. ಡ್ಯೂಸ್‌ಗೆ ಗುರುತೇ ಅದರ ಗ್ರಿಲ್.

ಚಾಸಿ ಬಗ್ಗೆ ಎರಡು ಮಾತು ಸೇರಿಸುತ್ತೇನೆ. 17 ಸ್ಟಡ್ ಉದ್ದದ, ಎರಡೇ ಸಾಲು ಕಂಬಿ ಇರುವ ಚಾಸಿ ಬಾಗುತ್ತದೆ, ತಿರುಚುತ್ತದೆ. ಮಾಮೂಲಿ ಕಾರಿನಲ್ಲಿ ಬಾಡಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಟ್ ರಾಡ್‌ನಲ್ಲಿ ಮುಂಭಾಗ ಪೂರ್ತಿ ಖಾಲಿ, ಬರೀ ಎಂಜಿನ್. ಹಿಡಿಯಲು ಏನೂ ಇಲ್ಲ. ಗಾರೆಯವರು ಗೋಡೆ ಕಟ್ಟುವಾಗ ಕೆಳಗಿನ ವರಸೆಯ ಸಂದಿನ ಮೇಲೆ ಮೇಲಿನ ಇಟ್ಟಿಗೆಯ ನಡು ಬರುವ ಹಾಗೆ ಇಡುತ್ತಾರಲ್ಲ, ಪ್ಲೇಟ್‌ಗಳನ್ನೂ ಹಾಗೇ ಇಡಬೇಕು. ನನ್ನದು ಮೂರು ಪದರ. ಕೆಳಗೆ ಒಂದು ಉದ್ದ, ಒಂದು ಗಿಡ್ಡ ಪ್ಲೇಟ್. ನಡುವಿನ ಪದರದಲ್ಲಿ ಅದರ ತಿರುವು ಮುರುವು. ಮೇಲೆ ಟೈಲ್. ಎರಡು ಸಂದು ಒಂದರ ಮೇಲೊಂದು ಎಲ್ಲೂ ಬರುವುದಿಲ್ಲ. ಎಂಜಿನ್ ಕೆಳಗೆ, ಸೀಟಿನ ಕೆಳಗೆ, ಹಿಂದಿನ ಆಕ್ಸಲ್ ಹತ್ತಿರ ಒಂದೊಂದು ಅಡ್ಡ ಪ್ಲೇಟ್. ಈಗ ಒಂದು ತುದಿ ಹಿಡಿದು ಎತ್ತಿದರೂ ಜೋಲು ಬೀಳುವುದಿಲ್ಲ.

ಕಂಪ್ಯೂಟರ್‌ನಲ್ಲಿ ಮೊದಲು ಜೋಡಿಸಿ ನೋಡುವವರಿಗೆ ಬಿಡಿ ಬ್ರಿಕ್ ಮಾರಾಟದ ಜಾಲತಾಣ ಬ್ರಿಕ್‌ಲಿಂಕ್‌ನವರ ಸ್ಟುಡಿಯೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಎಷ್ಟು ತುಂಡು, ಯಾವ ಬಣ್ಣ ಅಂತ ಪಟ್ಟಿಯನ್ನೂ ಕೊಡುತ್ತದೆ. ನನಗೆ ಕೈಯಲ್ಲಿ ಹಿಡಿದು ಯೋಚಿಸುವುದೇ ಇಷ್ಟ. ಆದರೆ ಸ್ಟಡ್ ತಿರುಗಿಸುವ ಜಾಗಗಳನ್ನು ಮಾತ್ರ ಅದರಲ್ಲಿ ಪರೀಕ್ಷೆ ಮಾಡುತ್ತೇನೆ.

ರಾಜಾಜಿನಗರ_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗನಿಗೆ ಒಂಬತ್ತು ವರ್ಷ. ಅವನು ನಿಮ್ಮ ಪೋಸ್ಟ್ ಓದಿಸಿಕೊಂಡು ಕೇಳಿ, ತನಗೂ ಒಂದು ಬೇಕು ಅಂತ ಕೂತಿದ್ದಾನೆ. ಮನೆಯಲ್ಲಿ ಎರಡು ಸಣ್ಣ ಕಾರಿನ ಸೆಟ್ ಇದೆ, ಒಂದು ಪೊಲೀಸ್ ಸ್ಟೇಷನ್ ಸೆಟ್ ಇದೆ. ದೊಡ್ಡ ಸೆಟ್‌ಗಳ ಬೆಲೆ ನೋಡಿದರೆ ಎದೆ ಧಸಕ್ ಅನ್ನುತ್ತೆ. ಅಂಗಡಿಯಲ್ಲಿ ಬೇರೆ ಬೇರೆ ಕಂಪನಿಯ ಬ್ರಿಕ್ ಪೊಟ್ಟಣ ಅರ್ಧಕ್ಕಿಂತ ಕಡಿಮೆ ಬೆಲೆಗೆ ಕೊಡುತ್ತಾರೆ. ಬೆರೆಸಿ ಕಟ್ಟಿದರೆ ತೊಂದರೆ ಇದೆಯಾ? ಮತ್ತೆ, ನಮ್ಮಲ್ಲೇ ಯಾಕೆ ಇಷ್ಟೊಂದು ದುಬಾರಿ?

ಪೀಣ್ಯ_ಟೂಲ್‌ರೂಮ್

ಅಕ್ಕಾ, ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಪ್ಲಾಸ್ಟಿಕ್ ಮೋಲ್ಡ್ ಮಾಡುವುದೇ ನನ್ನ ಕಸುಬು.

ಬೆಲೆ ಮೊದಲು. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ ಶೇ 60ಕ್ಕೆ ಏರಿತು, 2023ರಲ್ಲಿ ಶೇ 70 ಆಯಿತು. ಹೊರಗಿಂದ ಬರುವ ಸೆಟ್ ದುಬಾರಿ ಆಗಲು ಅದೊಂದು ದೊಡ್ಡ ಕಾರಣ. ಇನ್ನೊಂದು ವಿಷಯ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಯಾವ ಕಂಪನಿಯದಾದರೂ ಪರವಾಗಿಲ್ಲ, ಮಗುವಿಗೆ ಕೊಡುವ ಡಬ್ಬದ ಮೇಲೆ ಆ ಗುರುತು ಇದೆಯಾ ನೋಡಿ. ಬಿಡಿ ಪೊಟ್ಟಣದಲ್ಲಿ ಕೊಡುವುದರಲ್ಲಿ ಎಷ್ಟೋ ಸಲ ಇರುವುದಿಲ್ಲ, ಅದನ್ನು ಬಿಡಿ.

ಬೆರೆಸುವ ಪ್ರಶ್ನೆ. ಬ್ರಿಕ್ ಮಾಡುವುದು ಎಬಿಎಸ್ ಪ್ಲಾಸ್ಟಿಕ್‌ನಿಂದ. ಸುಮಾರು 230 ಡಿಗ್ರಿಗೆ ಕರಗಿಸಿ ಅಚ್ಚಿಗೆ ಒತ್ತುತ್ತಾರೆ. ತಣ್ಣಗಾಗುವಾಗ ಅದು ಶೇಕಡಾ ಅರ್ಧದಷ್ಟು ಕುಗ್ಗುತ್ತದೆ. ಆ ಕುಗ್ಗುವಿಕೆ ಲೆಕ್ಕ ಹಾಕಿಯೇ ಅಚ್ಚು ದೊಡ್ಡದಾಗಿ ಕೆತ್ತಬೇಕು. ಪ್ಲಾಸ್ಟಿಕ್ ಕಾಳನ್ನು ಮೊದಲು ಬಿಸಿಗಾಳಿಯಲ್ಲಿ ಒಣಗಿಸಬೇಕು, ತಣಿಯಲು ಸಾಕಷ್ಟು ಹೊತ್ತು ಕೊಡಬೇಕು. ಅವಸರ ಮಾಡಿದರೆ ಉದ್ದದ ತುಂಡು ಬಾಳೆಕಾಯಿ ಆಗುತ್ತದೆ. ಒಳ್ಳೆ ಬ್ರಿಕ್‌ನಲ್ಲಿ ವ್ಯತ್ಯಾಸ ಮಿಲಿಮೀಟರಿನ ನೂರರಲ್ಲೊಂದು ಭಾಗದ ಆಸುಪಾಸು. ಅಗ್ಗದ್ದರಲ್ಲಿ ಅದರ ಎಷ್ಟೋ ಪಟ್ಟು. ಒಂದೇ ತುಂಡಿನಲ್ಲಿ ಗೊತ್ತಾಗಲ್ಲ, ಹತ್ತು ಜೋಡಿಸಿದಾಗ ಗೊತ್ತಾಗುತ್ತೆ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಹತ್ತು ಬ್ರಿಕ್ ಒಂದರ ಮೇಲೊಂದು ಒತ್ತಿ ಕೂರಿಸಿ, ಮೇಲಿನ ಸ್ಟಡ್ ಬಿಟ್ಟು ಅಳೆಯಿರಿ. 96 ಮಿ.ಮೀ. ಬರಬೇಕು. 2×16 ಪ್ಲೇಟ್ ಇದ್ದರೆ ಅದರ ಉದ್ದ 127.8 ಇರಬೇಕು. 128 ಅಲ್ಲ, ಎರಡು ತುದಿಗೂ 0.1 ಸಡಿಲ ಬಿಟ್ಟಿರುತ್ತಾರೆ, ಪಕ್ಕದ ತುಂಡಿಗೆ ತಿಕ್ಕದಿರಲಿ ಅಂತ. ವರ್ನಿಯರ್ ಇಲ್ಲದಿದ್ದರೆ ಉದ್ದ ಪ್ಲೇಟನ್ನು ಕಿಟಕಿ ಗಾಜಿನ ಮೇಲೆ ಇಡಿ. ನಡುವೆ ಬೆಳಕು ಕಂಡರೆ ಬಾಗಿದೆ.

ನನ್ನ ಸಲಹೆ ಇಷ್ಟೇ. ಚಾಸಿಗೆ, ಸ್ಟಡ್ ತಿರುಗಿಸುವ ಜಾಗಕ್ಕೆ, ಆಕ್ಸಲ್ ಹಿಡಿಯುವ ಕಡೆಗೆ ಒಳ್ಳೆಯ ತುಂಡೇ ಹಾಕಿ. ಸೀಟಿನ ಒಳಗೆ, ಟ್ಯಾಂಕಿನ ಒಳಗೆ ತುಂಬಿಸಲು ಯಾವುದಾದರೂ ನಡೆಯುತ್ತೆ.

ಕಪ್ಪು_ಪ್ಲೇಟು

ಒಳಗೆ ತುಂಬಿಸಲೂ ಬೇಡ ಅಂತೀನಿ. ಸ್ಟಡ್ ಸ್ವಲ್ಪ ದಪ್ಪ ಇದ್ದರೂ ಅದು ಒಳ್ಳೆ ಬ್ರಿಕ್‌ನ ಹಿಡಿತವನ್ನು ಹಿಗ್ಗಿಸಿಬಿಡುತ್ತೆ. ಆಮೇಲೆ ಆ ಬ್ರಿಕ್ ಎಲ್ಲೂ ಬಿಗಿಯಾಗಿ ನಿಲ್ಲಲ್ಲ.

ಅದೇ ಕಾರಣಕ್ಕೆ ಇನ್ನೊಂದು ಎಚ್ಚರಿಕೆ. ಸ್ಟಡ್ ವ್ಯಾಸ 4.8, ಎರಡು ಸ್ಟಡ್ ನಡುವೆ ಉಳಿಯುವುದು 3.2, ಪ್ಲೇಟ್ ದಪ್ಪವೂ 3.2. ಪ್ಲೇಟನ್ನು ಸ್ಟಡ್‌ಗಳ ನಡುವೆ ನೆಟ್ಟಗೆ ತುರುಕಬಹುದು ಅನ್ನಿಸುತ್ತೆ. ಕಿಟಕಿ ಕಂಬ ಸಣ್ಣದಾಗಿ ಬರಲಿ ಅಂತ ಹಾಟ್ ರಾಡ್ ಕಟ್ಟುವವರು ಹೀಗೆ ಮಾಡುವುದನ್ನು ನೋಡಿದ್ದೇನೆ. ಮಾಡಬೇಡಿ. ಸಡಿಲವೇ ಇಲ್ಲದ ಜಾಗ ಅದು, ಪ್ಲಾಸ್ಟಿಕ್ ಸದಾ ಒತ್ತಡದಲ್ಲಿರುತ್ತೆ. ಕಂಬಕ್ಕೆ ಕ್ಲಿಪ್ ಮತ್ತು ಬಾರ್ (ಕ್ಲಿಪ್‌ಗೆ ಸಿಕ್ಕಿಸುವ ಸಣ್ಣ ದುಂಡು ಕಡ್ಡಿ) ಬಳಸಿ. ಬಾರ್ ದಪ್ಪವೂ 3.2 ಮಿ.ಮೀ. ಹತ್ತಿರವೇ, ನೋಡಲು ಅಷ್ಟೇ ಸಣ್ಣ.

ಮಲ್ಲೇಶ್ವರದ_ಮೇಷ್ಟ್ರು

ಅದರ ಜೊತೆಗೆ ಇನ್ನೊಂದು ಲಾಭ: ಬಾರ್ ಹಾಕಿದರೆ ಮುಂದಿನ ಗಾಜಿನ ಕಂಬವನ್ನು ಬೇಕಾದಷ್ಟು ಹಿಂದಕ್ಕೆ ವಾಲಿಸಬಹುದು.

ಕಂಟೋನ್ಮೆಂಟ್_ಹಳೇಗಾಡಿ

ನನ್ನದೊಂದು ಆಸೆ ಹೇಳಲಾ? ಎಲ್ಲರೂ ಅಮೆರಿಕದ ಗಾಡಿಯನ್ನೇ ಯಾಕೆ ಕಟ್ಟಬೇಕು? ನಮ್ಮ ಅಂಬಾಸಿಡರ್ ಹಾಟ್ ರಾಡ್ ಕಟ್ಟಿ. 1958ರಿಂದ 2014ರವರೆಗೆ ತಯಾರಾದ ಗಾಡಿ. ವಿಧಾನಸೌಧದ ಮುಂದೆ ಬಿಳಿ ಅಂಬಾಸಿಡರ್ ಸಾಲು ನೋಡಿ ಬೆಳೆದವರು ನಾವು. ಅದರ ಮಡ್‌ಗಾರ್ಡ್ ತೆಗೆದು, ಛಾವಣಿ ತಗ್ಗಿಸಿ, ಎಂಜಿನ್ ಹೊರಗಿಟ್ಟರೆ ಹೇಗಿರುತ್ತೆ ಅಂತ ನೋಡುವ ಆಸೆ ನನಗೆ.

ಗ್ಯಾರೇಜ್_ಅಣ್ಣ

ಆಸೆ ಒಳ್ಳೆಯದೇ. ಆದರೆ ನಿಜವಾದ ಗಾಡಿಯಲ್ಲಿ ಅದು ಯಾಕೆ ಕಷ್ಟ ಅಂತ ತಿಳಿದುಕೊಂಡರೆ ಬ್ರಿಕ್‌ನಲ್ಲಿ ಹೇಗೆ ಮಾಡಬೇಕು ಅಂತಲೂ ಗೊತ್ತಾಗುತ್ತೆ.

ಡ್ಯೂಸ್‌ನಲ್ಲಿ ಚಾಸಿ ಬೇರೆ, ಬಾಡಿ ಬೇರೆ. ಬೋಲ್ಟ್ ಬಿಚ್ಚಿದರೆ ಬಾಡಿ ಎತ್ತಿ ಪಕ್ಕಕ್ಕೆ ಇಡಬಹುದು. ಮಡ್‌ಗಾರ್ಡ್ ಬಿಚ್ಚಿದರೆ ಒಳಗಿನ ಬಾಡಿ ಪೂರ್ತಿ ಆಕಾರದಲ್ಲೇ ಉಳಿಯುತ್ತೆ. ಚಾಸಿ ಕಂಬಿ ಎರಡೂ ಕಡೆ ಕಣ್ಣಿಗೆ ಕಾಣುತ್ತೆ. ಹಾಟ್ ರಾಡ್ ಹುಟ್ಟಿದ್ದೇ ಆ ಅನುಕೂಲದಿಂದ. ಅಂಬಾಸಿಡರ್ ಬಂದದ್ದು ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸೀರೀಸ್‌ನಿಂದ. ಅದರಲ್ಲಿ ಚಾಸಿ, ಬಾಡಿ ಎರಡೂ ಒಂದೇ. ಬಾಡಿಯೇ ಭಾರ ಹೊರುತ್ತೆ. ಕೊಯ್ದರೆ ಬಲವೇ ಹೋಗುತ್ತೆ. ಇಳಿಸೋಣ ಅಂದರೆ ಕೆಳಗೆ ಬೇರೆ ಚಾಸಿಯೇ ಇಲ್ಲ.

ಇನ್ನು ಕಾನೂನು. ನಮ್ಮ ಗ್ಯಾರೇಜಿಗೆ ಹುಡುಗರು ಬಂದು ಕೇಳುತ್ತಲೇ ಇರುತ್ತಾರೆ, ಅದು ಕೊಯ್ಯಿ, ಇದು ಅಗಲ ಮಾಡು ಅಂತ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ನಾನು ಅವರಿಗೆ ಇದನ್ನೇ ಹೇಳಿ ಕಳಿಸುತ್ತೇನೆ. ಇಂಥ ಗಾಡಿಯನ್ನು ನಮ್ಮ ರಸ್ತೆಗೆ ಇಳಿಸಲು ಆಗಲ್ಲ. ಅದಕ್ಕೇ ನೀವು ಮೇಜಿನ ಮೇಲೆ ಮಾಡುತ್ತಿರುವುದು ನೋಡಿ ನನಗೆ ತುಂಬಾ ಖುಷಿಯಾಗಿದ್ದು. ನೀವು ಕೊಯ್ಯಿರಿ, ತಗ್ಗಿಸಿ, ಯಾರೂ ಕೇಳಲ್ಲ.

ಜಯನಗರ_ಬಿಲ್ಡರ್

ಅಣ್ಣ ಹೇಳಿದ ಮೇಲೆ ಅಂಬಾಸಿಡರ್ ಇನ್ನೂ ಮನಸ್ಸಿಗೆ ಹತ್ತಿಕೊಂಡಿದೆ. ವೀಲ್‌ಬೇಸ್ 97 ಇಂಚು, 2464 ಮಿ.ಮೀ. 1:20ರಲ್ಲಿ 123 ಮಿ.ಮೀ., 15 ಸ್ಟಡ್‌ಗಿಂತ ಸ್ವಲ್ಪ ಜಾಸ್ತಿ. ಕಪ್ಪು ಪ್ಲೇಟು ಅವರ ಮಾತಿನಂತೆ 15ಕ್ಕೂ 16ಕ್ಕೂ ಇಟ್ಟು ನೋಡಬೇಕು.

ದಾರಿ ಹೀಗೆ ಹೊಳೆಯುತ್ತಿದೆ. ಡ್ಯೂಸ್‌ಗೆ ಮಾಡಿದ ಚಾಸಿಯನ್ನೇ ಎರಡು ಸ್ಟಡ್ ಗಿಡ್ಡ ಮಾಡಿ ಕೆಳಗಿಡುವುದು. ಅದರ ಮೇಲೆ ಅಂಬಾಸಿಡರ್ ಬಾಡಿಯ ಹಿಂದಿನ ಮುಕ್ಕಾಲು ಭಾಗ ಮಾತ್ರ ಕೂರಿಸುವುದು. ಛಾವಣಿಯ ದುಂಡು, ಹಿಂದಿನ ಡಿಕ್ಕಿಯ ಇಳಿಜಾರು ಕರ್ವ್ಡ್ ಸ್ಲೋಪ್‌ಗಳಲ್ಲಿ ಚೆನ್ನಾಗಿ ಬರುತ್ತದೆ. ಗುರುತಿಗೆ ಆ ಎರಡು ಸಾಕು. ಮುಂದೆ ಬಾನೆಟ್, ಮಡ್‌ಗಾರ್ಡ್ ಯಾವುದೂ ಬೇಡ, ಗ್ರಿಲ್ ಮಾತ್ರ ಒಂಟಿಯಾಗಿ ನಿಲ್ಲಿಸುವುದು. ಅಂಬಾಸಿಡರ್ ಗ್ರಿಲ್ ಅಗಲ, ಕುಳ್ಳು. ಅದನ್ನು ಅಡ್ಡ ಟೈಲ್‌ಗಳಲ್ಲೇ ಮಾಡಬಹುದು. ಬಣ್ಣ ಬಿಳಿಯೇ ಇರಬೇಕು ಅಂತ ಆಸೆ, ಆದರೆ ಬಿಳಿ ಬ್ರಿಕ್ ಬಿಸಿಲಿಗೆ ಹಳದಿ ತಿರುಗುತ್ತದೆ. ಕಿಟಕಿಯಿಂದ ದೂರ, ಗಾಜಿನ ಬೀರುವಿನಲ್ಲಿ ಇಡಬೇಕಾಗುತ್ತದೆ.

ಡ್ಯೂಸ್ ಮುಗಿದ ಮೇಲೆ ಇದೇ ಮುಂದಿನ ಕೆಲಸ. ಹಳೇಗಾಡಿಯವರೇ, ನಿಮ್ಮ ಹತ್ತಿರ ಅಂಬಾಸಿಡರ್ ಪಕ್ಕದಿಂದ ತೆಗೆದ ಫೋಟೋ ಇದ್ದರೆ ಹಾಕಿ. ಬೀದಿಯ ಮಟ್ಟದಿಂದ ತೆಗೆದದ್ದು ಬೇಕು, ಮೇಲಿಂದ ತೆಗೆದದ್ದು ಬೇಡ.

ರಾಜಾಜಿನಗರ_ಅಮ್ಮ

ಮಗ ಡಬ್ಬ ಸುರಿದುಕೊಂಡು ಟೈರ್ ಹುಡುಕಿದ. 43.2 ಅಂಥದ್ದು ಇಲ್ಲ. 30.4 ಎರಡು ಇದೆ, 24 ಮಿ.ಮೀ.ದು ನಾಲ್ಕು ಇದೆ. ಇದರಲ್ಲಿ ಆಗುತ್ತಾ ಅಂತ ಕೇಳ್ತಿದ್ದಾನೆ. ಪೊಲೀಸ್ ಜೀಪಿನ ನೀಲಿ ತುಂಡುಗಳೇ ಜಾಸ್ತಿ ಇವೆ, ಕಪ್ಪು ಅಷ್ಟಿಲ್ಲ.

ಜಯನಗರ_ಬಿಲ್ಡರ್

ಖಂಡಿತ ಆಗುತ್ತೆ ಮೇಡಂ! 30.4 ಹಿಂದಕ್ಕೆ, 24 ಮುಂದಕ್ಕೆ. ವ್ಯತ್ಯಾಸ 6.4, ಅರ್ಧ 3.2. ಸರಿಯಾಗಿ ಒಂದು ಪ್ಲೇಟ್. ಹಿಂದಿನ ಟೈರ್ ಲೆಕ್ಕದಲ್ಲಿ ಅವನ ಗಾಡಿ 1:25ರ ಹತ್ತಿರ ಬರುತ್ತದೆ. ಆಗ ವೀಲ್‌ಬೇಸ್ ಹದಿಮೂರೂವರೆ ಸ್ಟಡ್. 13 ಅಥವಾ 14, ಅವನ ಕಣ್ಣಿಗೆ ಯಾವುದು ಒಪ್ಪುತ್ತೋ ಅದು.

ನೀಲಿಯೇ ಇರಲಿ. 1995ರಲ್ಲಿ ಲೆಗೋದವರೇ ಮಾಡೆಲ್ ಟೀಮ್ ಸರಣಿಯಲ್ಲಿ ‘ಬ್ಲೂ ಫ್ಯೂರಿ’ ಅಂತ ಒಂದು ಹಾಟ್ ರಾಡ್ ತಂದಿದ್ದರು. ಕೈಗೆ ಸಿಕ್ಕ ಸಾಮಾನಿನಲ್ಲಿ ಕಟ್ಟುವುದೇ ಹಾಟ್ ರಾಡ್‌ನ ಮೂಲ ಅಲ್ವಾ?

ಮಲ್ಲೇಶ್ವರದ_ಮೇಷ್ಟ್ರು

ಮೇಡಂ, ಒಂದು ತಿದ್ದುಪಡಿ ಮಾಡಿಸಿ. ಒಂದೇ ಪ್ಲೇಟಿನ ವ್ಯತ್ಯಾಸ 13 ಸ್ಟಡ್ ಉದ್ದಕ್ಕೆ ಎರಡು ಡಿಗ್ರಿಗೂ ಕಡಿಮೆ ವಾಲಿಕೆ ಕೊಡುತ್ತದೆ. ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಮುಂದಿನ ಆಕ್ಸಲ್ ಹಿಡಿಯುವ ತುಂಡನ್ನು ಚಾಸಿಯಲ್ಲಿ ಒಂದು ಪ್ಲೇಟ್ ಮೇಲಕ್ಕೆ ಕೂರಿಸಲು ಹೇಳಿ. ಆಕ್ಸಲ್ ಮೇಲೆ ಹೋದಷ್ಟೂ ಮೂತಿ ನೆಲಕ್ಕೆ ಇಳಿಯುತ್ತದೆ. ಆಗ ಒಟ್ಟು ಎರಡು ಪ್ಲೇಟ್, ಮೂರೂವರೆ ಡಿಗ್ರಿ. ಚಕ್ರ ಚಾಸಿಗೆ ತಾಗುತ್ತದೆಯೇ ಅಂತ ತಿರುಗಿಸಿ ನೋಡಲಿ. ತಾಗಿದರೆ ಆಕ್ಸಲ್‌ಗೆ ಎರಡು ಕಡೆಯೂ ಅರ್ಧ ಬುಶ್ (ಆಕ್ಸಲ್‌ಗೆ ಹಾಕುವ ತೆಳು ಉಂಗುರ) ಹಾಕಿ ಚಕ್ರವನ್ನು ಹೊರಕ್ಕೆ ತಳ್ಳಬೇಕು.

ರಾಜಾಜಿನಗರ_ಅಮ್ಮ

ತಾಗುತ್ತಿತ್ತು ಸರ್. ಬುಶ್ ಹಾಕಿದ, ಈಗ ಸಲೀಸಾಗಿ ತಿರುಗುತ್ತೆ. 14 ಸ್ಟಡ್ಡೇ ಬೇಕಂತೆ. ಎಂಜಿನ್‌ಗೆ 45 ಡಿಗ್ರಿ ಸ್ಲೋಪ್ ನೀಲಿಯಲ್ಲಿ ನಾಲ್ಕು ಸಿಕ್ಕಿದೆ, ಮೂರು ಪೈಪಿಗೆ ಏನು ಹಾಕುವುದು ಅಂತ ಗ್ಯಾರೇಜ್ ಮಾಮನ್ನೇ ಕೇಳು ಅಂತಿದ್ದಾನೆ.

ಗ್ಯಾರೇಜ್_ಅಣ್ಣ

ಪೊಲೀಸ್ ಸೆಟ್ ಇದೆ ಅಂದ್ರಲ್ಲ, ಅದರಲ್ಲಿ ಟಾರ್ಚ್, ಲಾಠಿ, ವಾಕಿಟಾಕಿ ಏನಾದರೂ ಇರುತ್ತಂತೆ, ಮಗಳು ಹೇಳ್ತಿದ್ದಾಳೆ. ಉದ್ದಗೆ, ದುಂಡಗೆ ಇರುವುದು ಯಾವುದಾದರೂ ಸರಿ. ಕ್ಲಿಪ್ ಇರುವ ಪ್ಲೇಟನ್ನು ಎಂಜಿನ್ ಪಕ್ಕಕ್ಕೆ ಹಾಕಿ, ಅದಕ್ಕೆ ಸಿಕ್ಕಿಸಲು ಹೇಳಿ. ತುದಿ ಹಿಂದಕ್ಕೆ, ಸ್ವಲ್ಪ ಕೆಳಕ್ಕೆ ವಾಲಿರಲಿ. ಮುಗಿದ ಮೇಲೆ ಪಕ್ಕದಿಂದ ಒಂದು ಫೋಟೋ ಕಳಿಸು ಮರಿ, ನಮ್ಮ ಗ್ಯಾರೇಜಿನ ಹುಡುಗರಿಗೆಲ್ಲ ತೋರಿಸಬೇಕು.